ವಜಾ ಆದ ಅರ್ಜಿಯಿಂದ ನಾನು ಕಲಿತದ್ದು

ಮಡಿಕೇರಿಯಲ್ಲಿ ವಕೀಲಿಕೆ ಆರಂಭಿಸಿದ ಮೂರನೆಯ ವರ್ಷ, ಸರ್ಕಾರದ ಅಧೀನದ ಸಂಸ್ಥೆಯೊಂದರ ಉದ್ಯೋಗಿ ತಮ್ಮ ನೇಮಕಾತಿ ಆದೇಶ ಹಿಡಿದು ನನ್ನ ಬಳಿ ಬಂದರು. ಮಹಿಳಾ ಸಿಬ್ಬಂದಿ ಮದುವೆಗೆ ಮುಂಚೆ ಲಿಖಿತ ಅನುಮತಿ ಪಡೆಯಬೇಕು, ಸಂಸಾರದ ಹೊಣೆಯಿಂದ ಕೆಲಸ ಕೆಟ್ಟರೆ ರಾಜೀನಾಮೆ ಕೊಡಬೇಕು ಎಂಬುದು ಅದರ ಏಳನೆಯ ಷರತ್ತು. ಅವರ ಮದುವೆಗೆ ಆರು ವಾರ ಉಳಿದಿತ್ತು.

ನನಗೆ ತಕ್ಷಣ ನೆನಪಾದವರು ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ. 1949ರಲ್ಲಿ ವಿದೇಶಾಂಗ ಸೇವೆ ಸೇರಿದ ಮೊದಲ ಮಹಿಳೆಯೆಂದು ನಮ್ಮ ಜಿಲ್ಲೆಯವರು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಬಡ್ತಿ ತಪ್ಪಿದಾಗ ಅವರು ಕೇಂದ್ರ ಸರ್ಕಾರವನ್ನೇ ಸುಪ್ರೀಂ ಕೋರ್ಟಿಗೆ ಎಳೆದದ್ದನ್ನು ಅಷ್ಟಾಗಿ ಹೇಳುವುದಿಲ್ಲ. ಅವರು ಪ್ರಶ್ನಿಸಿದ 1961ರ ಸೇವಾನಿಯಮದಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇದೇ ಏಳನೆಯ ಷರತ್ತು.

ಅಂದೇ ರಾತ್ರಿ ನೋಟಿಸಿನ ಕರಡು ಬರೆದು, ಮುತ್ತಮ್ಮನವರ ಅರ್ಜಿಯನ್ನು ನ್ಯಾಯಾಲಯ ಪುರಸ್ಕರಿಸಿದೆ ಎಂದು ಧೈರ್ಯವಾಗಿ ಸೇರಿಸಿದೆ. ಮರುದಿನ ನನ್ನ ಸೀನಿಯರ್ ಆ ಸಾಲಿಗೆ ಕೆಂಪು ಗೆರೆ ಎಳೆದು, ಕಕ್ಕಡ ಮಾಸದ ಮಳೆಗೆ ಬೂಷ್ಟು ಹಿಡಿದಿದ್ದ 1979ರ ಎಐಆರ್ (ತೀರ್ಪುಗಳ ವರದಿ) ಸಂಪುಟವನ್ನು ಬಟ್ಟೆಯಲ್ಲಿ ಒರೆಸಿ, 1868ನೆಯ ಪುಟ ತೆರೆದು ಮುಂದಿಟ್ಟರು. "ಕೊನೆಯವರೆಗೂ ಓದಮ್ಮ" ಎಂದರು. ಅರ್ಜಿ ವಜಾ ಆಗಿತ್ತು! ವಿಚಾರಣೆ ಬಾಕಿಯಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ನೀಡಿದ್ದರಿಂದ ತೀರ್ಪಿಗೆ ವಿಷಯವೇ ಉಳಿದಿರಲಿಲ್ಲ. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗುವುದಾದರೆ ಅದು ಗಂಡಸಿಗೂ ಆಗಬಹುದಲ್ಲ ಎಂದು ಕೇಳಿ, ಲಿಂಗತಾರತಮ್ಯದ ಕಳಂಕ ಉಳಿಯದಂತೆ ಎಲ್ಲ ಸೇವಾನಿಯಮಗಳನ್ನು ಪರಿಷ್ಕರಿಸಬೇಕೆಂದು ಸರ್ಕಾರಕ್ಕೆ ಒತ್ತಿ ಹೇಳಿದ್ದರು. ಕೆಲವು ಹುದ್ದೆಗಳ ಸ್ವರೂಪವೇ ವ್ಯತ್ಯಾಸವನ್ನು ಬೇಡಬಹುದೆಂದೂ ಅದೇ ತೀರ್ಪಿನಲ್ಲಿತ್ತು. ಎದುರು ಪಕ್ಷದ ವಕೀಲರು ಮೊದಲು ಹಿಡಿಯುವುದು ಅದನ್ನೇ.

ಆದ್ದರಿಂದ ಹೊಸ ಕರಡಿನಲ್ಲಿ ಅರ್ಜಿ ವಜಾ ಆದದ್ದನ್ನು ಮೊದಲ ಪ್ಯಾರಾದಲ್ಲೇ ಒಪ್ಪಿಕೊಂಡೆ. ನಮ್ಮ ಬೇಡಿಕೆಯನ್ನು ಕಾನೂನಿನ ಮುಂದೆ ಸಮಾನತೆ, ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಎನ್ನುವ ಸಂವಿಧಾನದ 14 ಮತ್ತು 16ನೆಯ ವಿಧಿಗಳ ಮೇಲೆ ನಿಲ್ಲಿಸಿ, ಕಕ್ಷಿದಾರೆ ಮಾಡುತ್ತಿದ್ದ ಲೆಕ್ಕಪತ್ರದ ಕೆಲಸದಲ್ಲಿ ಹೆಂಗಸು ಗಂಡಸೆಂಬ ವ್ಯತ್ಯಾಸಕ್ಕೆ ಯಾವ ಕಾರಣವಿದೆಯೆಂದು ತಿಳಿಸಿರೆಂದು ಕೇಳಿದೆ. ತೀರ್ಪಿನ ಮಾತುಗಳನ್ನು ಆ ಪ್ರಶ್ನೆಗೆ ಬೆಂಬಲವಾಗಿ ಮಾತ್ರ ಬಳಸಿಕೊಂಡೆ.

ಮೂರು ವಾರಗಳಲ್ಲಿ ಉತ್ತರ ಬಂತು. ನನ್ನ ಕಕ್ಷಿದಾರೆಯ ಮಟ್ಟಿಗೆ ಏಳನೆಯ ಷರತ್ತನ್ನು ಕೈಬಿಡಲಾಗಿದೆ ಎಂದಷ್ಟೇ ಅದರಲ್ಲಿತ್ತು. ಅವರೊಂದಿಗೆ ಕೆಲಸಕ್ಕೆ ಸೇರಿದ್ದ ಇನ್ನೂ ನಾಲ್ವರು ಹೆಂಗಸರ ಆದೇಶಗಳಲ್ಲಿ ಅದು ಹಾಗೆಯೇ ಉಳಿಯಿತು. ಮದುವೆಯ ಕರೆಯೋಲೆ ಕೊಡಲು ಬಂದವರ ಕೈಯಲ್ಲೇ ಆ ನಾಲ್ವರಿಗೂ, ನನ್ನನ್ನು ವಕೀಲೆಯಾಗಿ ನೇಮಿಸಿಕೊಳ್ಳುವ ವಕಾಲತ್ತಿನ ಹಾಳೆಗಳನ್ನು ಕೊಟ್ಟು ಕಳುಹಿಸಿದೆ. ಎರಡು ಸಹಿಯಾಗಿ ಹಿಂದಕ್ಕೆ ಬಂದವು.