ಬಿ.ಪಿ. ಮಾತ್ರೆ ಎರಡಾದಾಗ ಕಿಡ್ನಿಯ ಮೇಲೆ ಕಣ್ಣಿಡುವುದು ಹೇಗೆ?

ಒಂದೇ ಮಾತ್ರೆಗೆ ರಕ್ತದೊತ್ತಡ ಹತೋಟಿಗೆ ಬಾರದಿದ್ದಾಗ ವೈದ್ಯರು ಎರಡನೆಯದನ್ನು ಸೇರಿಸುವುದು ವಾಡಿಕೆ. ಇದಕ್ಕೆ ಗಾಬರಿ ಬೇಕಿಲ್ಲ, ಏಕೆಂದರೆ ಹತೋಟಿ ತಪ್ಪಿದ ಒತ್ತಡವೇ ಮೂತ್ರಪಿಂಡದ ದೊಡ್ಡ ಶತ್ರು. ಗಮನಿಸಬೇಕಾದದ್ದು ಯಾವುದರ ಜೊತೆ ಯಾವುದು ಸೇರಿದೆ ಎಂಬುದನ್ನು.

ಮೊದಲು ಸ್ಟ್ರಿಪ್ಪಿನ ಮೇಲಿನ ಕಂಪನಿಯ ಹೆಸರನ್ನು ಬಿಟ್ಟು, ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ. ರಾಮಿಪ್ರಿಲ್, ಎನಾಲಾಪ್ರಿಲ್ ಹೀಗೆ ‘ಪ್ರಿಲ್’ ಎಂದು ಮುಗಿಯುವವು ಒಂದು ಗುಂಪು. ಟೆಲ್ಮಿಸಾರ್ಟಾನ್, ಲೋಸಾರ್ಟಾನ್ ಹೀಗೆ ‘ಸಾರ್ಟಾನ್’ ಎಂದು ಮುಗಿಯುವವು ಇನ್ನೊಂದು. ಒಂದೇ ಮಾತ್ರೆಯೊಳಗೆ ಎರಡು ಮೂರು ಔಷಧಗಳು ಇರುವುದೂ ಉಂಟು. ಇಬ್ಬರು ವೈದ್ಯರಲ್ಲಿ ತೋರಿಸಿಕೊಳ್ಳುವವರಿಗೆ ಒಬ್ಬರ ಚೀಟಿಯಲ್ಲಿ ಪ್ರಿಲ್, ಮತ್ತೊಬ್ಬರ ಚೀಟಿಯಲ್ಲಿ ಸಾರ್ಟಾನ್ ಬಂದುಬಿಡಬಹುದು. ಈ ಜೋಡಿ ಬೇಡ. 25,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ‘ಆನ್‌ಟಾರ್ಗೆಟ್’ ಅಧ್ಯಯನದಲ್ಲಿ, ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟಾನ್ ಎರಡನ್ನೂ ಕೊಟ್ಟವರಿಗೆ ಹೃದಯದ ವಿಷಯದಲ್ಲಿ ಹೆಚ್ಚಿನ ಲಾಭವಾಗಲಿಲ್ಲ, ಮೂತ್ರಪಿಂಡದ ತೊಂದರೆ ಮಾತ್ರ ಹೆಚ್ಚಿತು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟವರಿಗೆ ಲೋಸಾರ್ಟಾನ್ ಜೊತೆ ಲಿಸಿನೋಪ್ರಿಲ್ ಕೊಟ್ಟು ನೋಡಿದ ಅಮೆರಿಕದ ಇನ್ನೊಂದು ಅಧ್ಯಯನವನ್ನು ಸುರಕ್ಷತೆಯ ಕಾರಣಕ್ಕೆ ಅರ್ಧದಲ್ಲೇ ನಿಲ್ಲಿಸಬೇಕಾಯಿತು.

ಈ ಎರಡು ಗುಂಪಿನಲ್ಲಿ ಯಾವುದಾದರೊಂದನ್ನು ಆರಂಭಿಸುವ ಮೊದಲು, ಮತ್ತು ಆರಂಭಿಸಿದ ಅಥವಾ ಪ್ರಮಾಣ ಹೆಚ್ಚಿಸಿದ ಎರಡರಿಂದ ನಾಲ್ಕು ವಾರದೊಳಗೆ (ಕಿಡ್ನಿ ಈಗಾಗಲೇ ದುರ್ಬಲವಾಗಿದ್ದರೆ ಇನ್ನೂ ಬೇಗ) ರಕ್ತದ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ, ಸೋಸುವಿಕೆ ತಗ್ಗಿದರೆ ಇದು ಏರುತ್ತದೆ) ಮತ್ತು ಪೊಟ್ಯಾಸಿಯಂ (ಈ ಔಷಧಗಳಿಂದ ಇದು ಏರಬಹುದು) ಪರೀಕ್ಷಿಸಿಕೊಳ್ಳಿ. ಕ್ರಿಯಾಟಿನಿನ್ ಸ್ವಲ್ಪ ಏರಿದ್ದನ್ನು ಕಂಡು ಮಾತ್ರೆ ಬಿಟ್ಟವರೇ ಹೆಚ್ಚು ನಷ್ಟಕ್ಕೊಳಗಾಗುತ್ತಾರೆ. ಮೂತ್ರಪಿಂಡದ ಶೋಧಕದಿಂದ ರಕ್ತ ಹೊರಹೋಗುವ ನಾಳವನ್ನು ಈ ಔಷಧಗಳು ಸಡಿಲಿಸುವುದರಿಂದ ಒಳಗಿನ ಒತ್ತಡ ಇಳಿಯುತ್ತದೆ, ಸೋಸುವ ವೇಗವೂ ತುಸು ತಗ್ಗುತ್ತದೆ. ದೀರ್ಘಕಾಲದಲ್ಲಿ ಕಿಡ್ನಿಯನ್ನು ಉಳಿಸುವುದೂ ಇದೇ ಇಳಿತ. ಹಾಗಾಗಿ ಮೊದಲಿನ ಅಂಕಿಗಿಂತ ಶೇ 30ರವರೆಗಿನ ಏರಿಕೆಯನ್ನು ವೈದ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. 1.0 ಇದ್ದದ್ದು 1.2 ಆದರೆ ಕಾಯಬಹುದು, 1.6 ಆದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಪೊಟ್ಯಾಸಿಯಂ 5.5 ದಾಟಿದರೂ ಅಷ್ಟೇ. ಪೊಟ್ಯಾಸಿಯಂ ಏರಿಸಬಲ್ಲ ಇನ್ನೊಂದು ಮಾತ್ರೆಯಾದ ಸ್ಪೈರನೋಲ್ಯಾಕ್ಟೋನ್ ಕೂಡ ಸೇರಿದ್ದರೆ ಈ ಅಂಕಿಯ ಮೇಲೆ ಇನ್ನಷ್ಟು ನಿಗಾ ಅಗತ್ಯ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲು ಇರುವುದು ಬಹುತೇಕ ಪೊಟ್ಯಾಸಿಯಮ್ಮೇ. ಅದನ್ನು ಬಳಸುವ ಮುನ್ನ ಕೇಳಿಕೊಳ್ಳಿ.

ಮುಂದಿನದು ನೋವಿನ ಮಾತ್ರೆ. ಪ್ರಿಲ್ ಅಥವಾ ಸಾರ್ಟಾನ್, ಜೊತೆಗೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್‌ನಂಥ ಔಷಧ, ಅದರ ಮೇಲೆ ಮಂಡಿನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೆನ್: ಈ ಮೂರೂ ಕೂಡಿದಾಗ ಕಿಡ್ನಿಗೆ ಹಠಾತ್ ಪೆಟ್ಟು ಬೀಳುವ ಅಪಾಯ ಹೆಚ್ಚು. ದೇಹದಲ್ಲಿ ನೀರು ತಗ್ಗಿರುತ್ತದೆ, ನೋವಿನ ಮಾತ್ರೆ ರಕ್ತ ಒಳಬರುವ ನಾಳವನ್ನು ಕಿರಿದಾಗಿಸುತ್ತದೆ, ಹೊರಹೋಗುವ ನಾಳವಂತೂ ಮೊದಲೇ ಸಡಿಲವಾಗಿದೆ. ಔಷಧದಂಗಡಿಯಲ್ಲಿ ‘ನನಗೆ ಬಿ.ಪಿ. ಮಾತ್ರೆ ನಡೆಯುತ್ತಿದೆ’ ಎಂದು ಹೇಳಿಯೇ ಕೇಳಿ. ಸಾಮಾನ್ಯ ನೋವು, ಜ್ವರಗಳಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ.

ವಾಂತಿ ಭೇದಿಯಾದ ದಿನ ಈ ಮಾತ್ರೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ, ಯಾವಾಗ ಮತ್ತೆ ಶುರುಮಾಡಬೇಕು ಎಂಬುದನ್ನು ಆರೋಗ್ಯವಾಗಿರುವಾಗಲೇ ವೈದ್ಯರಿಂದ ಚೀಟಿಯ ಹಿಂದೆ ಬರೆಸಿಕೊಂಡಿರಿ.