ಮುದ್ದೆಯೋ ಅನ್ನವೋ? ಮೊದಲು ತಟ್ಟೆಯ ಲೆಕ್ಕ ಸರಿಪಡಿಸಿಕೊಳ್ಳಿ

ಸಕ್ಕರೆ ಕಾಯಿಲೆ ಎಂದು ವೈದ್ಯರು ಹೇಳಿದ ದಿನವೇ ನಮ್ಮ ಮನೆಗಳಲ್ಲಿ ಎರಡು ಕೆಲಸ ನಡೆಯುತ್ತವೆ. ಸಕ್ಕರೆ ಡಬ್ಬಿ ಅಟ್ಟ ಸೇರುತ್ತದೆ, ಅನ್ನದ ಜಾಗಕ್ಕೆ ಮುದ್ದೆ ಬರುತ್ತದೆ. ಪಥ್ಯ ಅಲ್ಲಿಗೆ ಮುಗಿಯಿತು ಎಂದುಕೊಂಡು ಎಲ್ಲರೂ ನಿಶ್ಚಿಂತರಾಗುತ್ತಾರೆ. ಮುಂದಿನ ರಕ್ತಪರೀಕ್ಷೆಯಲ್ಲಿ ಅಂಕಿ ಇದ್ದಲ್ಲೇ ಇರುತ್ತದೆ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿ ನಿಂತಿದ್ದಾರೆ. ಮಧುಮೇಹಿಗಳ ಜೀವಕ್ಕೆ ಹೆಚ್ಚಾಗಿ ಕುತ್ತು ತರುವುದು ಹೃದಯ ಮತ್ತು ರಕ್ತನಾಳಗಳ ತೊಂದರೆ. ಆದ್ದರಿಂದ ಸಕ್ಕರೆಯ ಪಥ್ಯ ಬೇರೆ, ಹೃದಯದ ಪಥ್ಯ ಬೇರೆ ಎಂದು ನೋಡುವುದನ್ನು ಬಿಡಬೇಕು. ಒಂದೇ ಅಡುಗೆಮನೆಯಲ್ಲಿ, ಒಂದೇ ತಟ್ಟೆಯಲ್ಲಿ ಎರಡನ್ನೂ ಸಾಧಿಸಬಹುದು.

ಹೆಜ್ಜೆ 1: ನಿಮ್ಮ ಅಂಕಿಗಳನ್ನು ಬರೆದಿಡಿ

ಒಂದು ಸಣ್ಣ ಪುಸ್ತಕ ಸಾಕು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ರಕ್ತದೊತ್ತಡ, ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್, ಸೊಂಟದ ಸುತ್ತಳತೆ ಇವು ಅದರಲ್ಲಿರಲಿ. ಹೆಚ್ಚಿನ ವಯಸ್ಕರಿಗೆ ಎಚ್‌ಬಿಎ1ಸಿ ಶೇ 7ಕ್ಕಿಂತ ಕಡಿಮೆ, ರಕ್ತದೊತ್ತಡ 130/80ಕ್ಕಿಂತ ಕೆಳಗೆ ಇರಬೇಕೆಂಬುದು ಸಾಮಾನ್ಯ ಗುರಿ. ವಯಸ್ಸಾದವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಬೇರೆ ಗುರಿ ಹೇಳಬಹುದು. ಮಧುಮೇಹ ಇರುವ, 40 ದಾಟಿದ ಬಹುತೇಕರಿಗೆ ಕೊಲೆಸ್ಟ್ರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಬರೆದುಕೊಡುತ್ತಾರೆ. ಪಥ್ಯ ಚೆನ್ನಾಗಿ ನಡೆಯುತ್ತಿದೆ ಎಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ.

ಹೆಜ್ಜೆ 2: ನಿಮ್ಮದೇ ತಿಂಡಿಯನ್ನು ಪರೀಕ್ಷಿಸಿ

ಪಕ್ಕದ ಮನೆಯವರಿಗೆ ಒಗ್ಗಿದ ತಿಂಡಿ ನಿಮಗೆ ಒಗ್ಗಬೇಕೆಂದಿಲ್ಲ. ಮನೆಯಲ್ಲೇ ಸಕ್ಕರೆ ಅಳೆಯುವ ಗ್ಲುಕೋಮೀಟರ್ ಇದ್ದರೆ ತಿಂಡಿಗೆ ಮೊದಲು ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಊಟದ ನಂತರದ ಅಂಕಿ 180ರೊಳಗೆ ಇದ್ದರೆ ಒಳ್ಳೆಯದು. ಕೈಯನ್ನು ಸೋಪಿನಿಂದ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಮಾವಿನಹಣ್ಣು ಮುಟ್ಟಿದ ಬೆರಳಿನಲ್ಲಿ ಪರೀಕ್ಷಿಸಿದರೆ ಸುಳ್ಳು ಅಂಕಿ ಬರುತ್ತದೆ. ಬೆರಳ ತುದಿಯ ನಡುವೆ ಚುಚ್ಚುವ ಬದಲು ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ.

ಒಂದು ವಾರ ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನ, ಅಕ್ಕಿರೊಟ್ಟಿ, ಹೆಸರುಕಾಳಿನ ದೋಸೆಗಳನ್ನು ಹೀಗೆ ಅಳೆದರೆ, ನಿಮ್ಮ ದೇಹಕ್ಕೆ ಯಾವುದು ಭಾರ ಎಂಬುದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಎಷ್ಟೇ ಪಟ್ಟಿಗಳನ್ನು ಫ್ರಿಜ್‌ಗೆ ಅಂಟಿಸಿದರೂ ಈ ತಿಳಿವಳಿಕೆ ಸಿಗುವುದಿಲ್ಲ.

ಹೆಜ್ಜೆ 3: ಮುದ್ದೆ ಚಿಕ್ಕದಾಗಲಿ, ಪಲ್ಯ ದೊಡ್ಡದಾಗಲಿ

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನಮ್ಮಲ್ಲಿ ಹೆಚ್ಚು ಜನ ಎಡವುವುದು ಇಲ್ಲಿಯೇ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೊಹೈಡ್ರೇಟ್ (ಜೀರ್ಣವಾಗಿ ಸಕ್ಕರೆಯಾಗುವ ಅಂಶ) ಇದ್ದರೆ, ಅಷ್ಟೇ ರಾಗಿಹಿಟ್ಟಿನಲ್ಲಿ ಸುಮಾರು 67 ಗ್ರಾಂ ಇರುತ್ತದೆ. ರಾಗಿಯಲ್ಲಿ ನಾರು ಅಕ್ಕಿಗಿಂತ ಬಹಳ ಹೆಚ್ಚು, ಸುಣ್ಣದ ಅಂಶವೂ ಹೇರಳ. ಹಾಗಾಗಿ ಅದು ಒಳ್ಳೆಯ ಧಾನ್ಯವೇ. ಆದರೆ ಎರಡು ದೊಡ್ಡ ಮುದ್ದೆ ತಿಂದವರಿಗೆ ಅದು ಔಷಧವಾಗಲಾರದು. ಇನ್ನು ನಯವಾದ ಹಿಟ್ಟಿನಲ್ಲಿ ತೆಳ್ಳಗೆ ಕಾಯಿಸಿದ ರಾಗಿ ಗಂಜಿ, ಮುದ್ದೆಗಿಂತ ಬೇಗ ಜೀರ್ಣವಾಗಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಬೆಳಗ್ಗೆ ಲೋಟ ತುಂಬಾ ರಾಗಿ ಮಾಲ್ಟ್ ಕುಡಿಯುವ ಮಧುಮೇಹಿಗಳು ಎರಡು ಗಂಟೆಯ ಅಂಕಿ ನೋಡಿಯೇ ಮುಂದುವರಿಸಬೇಕು.

ಹಾಗಾದರೆ ತಟ್ಟೆ ಹೇಗಿರಬೇಕು? ಅರ್ಧ ಭಾಗ ಸೊಪ್ಪು, ತರಕಾರಿ. ಕಾಲು ಭಾಗ ಬೇಳೆ, ಕಾಳು, ಮೊಟ್ಟೆ, ಮೀನು ಇತ್ಯಾದಿ. ಉಳಿದ ಕಾಲು ಭಾಗ ಮಾತ್ರ ಅನ್ನ, ಮುದ್ದೆ ಅಥವಾ ರೊಟ್ಟಿ. ಇದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ. ಬಸ್ಸಾರನ್ನೇ ನೋಡಿ: ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಿಂದ ಸಾರು, ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಅವರೆಕಾಳು, ಅಲಸಂದೆ, ಹುರುಳಿ, ದಂಟಿನ ಸೊಪ್ಪು ಯಾವುದಾದರೂ ಆದೀತು. ಚಿಕ್ಕ ಮುದ್ದೆಯ ಜೊತೆ ಎರಡು ಸೌಟು ಪಲ್ಯ ಹಾಕಿಕೊಂಡರೆ ತಟ್ಟೆ ತಾನಾಗಿಯೇ ಸರಿಹೋಗುತ್ತದೆ. ನಾವು ಮಾಡುವುದು ಇದರ ತಲೆಕೆಳಗು: ಮುದ್ದೆ ಎರಡು, ಪಲ್ಯ ಎಲೆಯ ತುದಿಗೆ ಒಂದು ಚಿಟಿಕೆ.

ತಿನ್ನುವ ಕ್ರಮವೂ ಮುಖ್ಯ. ತರಕಾರಿ ಮತ್ತು ಕಾಳುಗಳನ್ನು ಮೊದಲು ತಿಂದು ಅನ್ನ ಅಥವಾ ರೊಟ್ಟಿಗೆ ಆಮೇಲೆ ಕೈಹಾಕಿದರೆ, ಊಟದ ನಂತರ ಸಕ್ಕರೆ ಏರುವುದು ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ. ನಮ್ಮ ಎಲೆ ಊಟದಲ್ಲಿ ಕೋಸಂಬರಿ, ಪಲ್ಯ ಅನ್ನಕ್ಕಿಂತ ಮೊದಲೇ ಬಂದಿರುತ್ತವೆ. ಅವುಗಳನ್ನು ಮುಗಿಸಿ ಅನ್ನಕ್ಕೆ ಕಾಯಿರಿ. ಮದುವೆ ಮನೆಯಲ್ಲೂ ಇದು ಯಾರ ಮನಸ್ಸನ್ನೂ ನೋಯಿಸದೆ ಸಾಗುವ ಪಥ್ಯ.

ಬೆಲ್ಲ, ಜೇನುತುಪ್ಪ ಸಕ್ಕರೆಗೆ ಬದಲಿ ಆಗುವುದಿಲ್ಲ. ಹಣ್ಣನ್ನು ಇಡಿಯಾಗಿ ತಿನ್ನಿ, ಜ್ಯೂಸ್ ಬೇಡ. ಏಕಾದಶಿಯ ಹೆಸರಿನಲ್ಲಿ ಅವಲಕ್ಕಿ, ಸಬ್ಬಕ್ಕಿ ಖಿಚಡಿಯನ್ನು ಹೊಟ್ಟೆ ತುಂಬಾ ತಿನ್ನುವುದು ಮಧುಮೇಹಿಗಳಿಗೆ ಉಪವಾಸವಾಗುವುದಿಲ್ಲ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು.

ಹೆಜ್ಜೆ 4: ಉಪ್ಪು ಮತ್ತು ಎಣ್ಣೆ

ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಒಂದು ಟೀ ಚಮಚದೊಳಗೆ. ಸಾರಿಗೆ ಹಾಕಿದ ಉಪ್ಪಿಗೇ ಇದು ಸರಿಹೋಗುತ್ತದೆ. ಆಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಬೇಕರಿಯ ನಿಪ್ಪಟ್ಟು ಸೇರಿದರೆ ಲೆಕ್ಕ ಮೀರುತ್ತದೆ. ಒಂದೇ ಊಟದಲ್ಲಿ ಇವುಗಳಲ್ಲಿ ಒಂದಕ್ಕಿಂತ ಹೆಚ್ಚು ಬೇಡ.

ಎಣ್ಣೆಗೆ ಸುಲಭದ ಲೆಕ್ಕ: ತಿಂಗಳಿಗೆ ತಲಾ ಅರ್ಧ ಲೀಟರ್. ನಾಲ್ವರ ಮನೆಗೆ ಎರಡು ಲೀಟರ್ ತಂದು, ಅದರಲ್ಲೇ ತಿಂಗಳು ಮುಗಿಸಿ. ಬೋಂಡ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ಹೆಜ್ಜೆ 5: ಊಟವಾದ ಮೇಲೆ ನಡೆಯಿರಿ

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಬೇಕು. ಮಾತನಾಡಲು ಆಗಬೇಕು, ಹಾಡಲು ಆಗಬಾರದು. ಅದು ಸರಿಯಾದ ವೇಗ. ಸತತವಾಗಿ ಎರಡು ದಿನಕ್ಕಿಂತ ಹೆಚ್ಚು ತಪ್ಪಿಸಬೇಡಿ. ಬೆಳಗಿನ ವಾಕಿಂಗ್‌ಗೆ ಸಮಯ ಸಿಗದ ಗೃಹಿಣಿಯರು, ಅಂಗಡಿಯವರು ಪ್ರತಿ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೂ ಫಲ ಸಿಗುತ್ತದೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ, ಅದೂ ಸಕ್ಕರೆ ಏರುವ ಹೊತ್ತಿಗೇ.

ನಡಿಗೆಯೊಂದೇ ಸಾಲದು. ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತುವುದು. ಹತ್ತು ಹತ್ತರಂತೆ ಎರಡು ಸುತ್ತು ಸಾಕು. ಮಧುಮೇಹದಿಂದ ಕಣ್ಣಿಗೆ ತೊಂದರೆಯಾಗಿದ್ದರೆ ಭಾರ ಎತ್ತುವ ಮೊದಲು ನೇತ್ರವೈದ್ಯರನ್ನು ಕೇಳಿ. ಹಿಂದೆ ಹೃದಯದ ತೊಂದರೆ ಇದ್ದವರು, ಬಹಳ ವರ್ಷದಿಂದ ವ್ಯಾಯಾಮವಿಲ್ಲದವರು ತಪಾಸಣೆಯ ನಂತರವೇ ಶುರುಮಾಡಿ.

ಬರಿಗಾಲಲ್ಲಿ ನಡೆಯುವುದು ಬೇಡ, ಅಂಗಳದಲ್ಲೂ ಬೇಡ. ಪಾದದ ಸ್ಪರ್ಶಜ್ಞಾನ ಕುಗ್ಗಿದವರಿಗೆ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ರಾತ್ರಿ ಮಲಗುವ ಮುನ್ನ ಪಾದದ ಅಡಿ, ಬೆರಳ ಸಂದುಗಳನ್ನು ನೋಡಿಕೊಳ್ಳಿ. ಬಾಗಲು ಆಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ.

ಈ ಎರಡು ಗೊತ್ತಿರಲೇಬೇಕು

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ವ್ಯಾಯಾಮದ ವೇಳೆ ಸಕ್ಕರೆ ಇಳಿದುಬಿಡಬಹುದು. ನಡುಕ, ಬೆವರು, ಕಣ್ಣು ಮಂಜಾಗುವುದು ಅದರ ಲಕ್ಷಣ. ಅಂಕಿ 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಸದಾ ಇರಲಿ.

ಎರಡನೆಯದು ಇನ್ನೂ ಗಂಭೀರ. ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ತಣ್ಣನೆಯ ಬೆವರು, ದವಡೆ ಅಥವಾ ಎಡಗೈ ನೋವು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ ಕಾಣಿಸಿದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ಸ್ವತಃ ಬೈಕ್ ಓಡಿಸಿಕೊಂಡು ಹೋಗಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಮಾಡಿಸಿ. ರಾಜ್ಯದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದು ಉಚಿತವಾಗಿ ಸಿಗುವ ವ್ಯವಸ್ಥೆ ಇದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಇಂದೇ ವಿಚಾರಿಸಿ, ಮನೆಯವರೆಲ್ಲರ ಮೊಬೈಲ್‌ನಲ್ಲಿ ಆ ಆಸ್ಪತ್ರೆಯ ಸಂಖ್ಯೆ ಉಳಿಸಿಡಿ.