ಮೊದಲ ವರ್ಷ ಹಚ್ಚಿದ ಕಾಂಡ್ಲಾ ಯಾಕೆ ಸತ್ತಿತು

ನಮ್ಮ ಗಜನಿ, ಅಂದರೆ ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆ, ಇರುವುದು ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವುದಕ್ಕೆ ಸ್ವಲ್ಪ ಮೊದಲು. ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಒಡ್ಡು ಮಣ್ಣಿನದು. ದೊಡ್ಡ ಭರತ (ಸಮುದ್ರದ ಉಬ್ಬರ) ಬಂದಾಗಲೆಲ್ಲ ಒಂದಿಷ್ಟು ಜಾರುತ್ತದೆ, ನಾವು ಮತ್ತೆ ಮಣ್ಣು ಹಾಕುತ್ತೇವೆ. ಆಚೆ ದಡದಲ್ಲಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡ, ದಟ್ಟವಾಗಿರುವ ಕಡೆ ಈ ಕಷ್ಟ ಕಡಿಮೆ ಅಂತ ಗಮನಿಸಿ, ನಾನೂ ಹಚ್ಚಲು ಹೊರಟೆ.

ಹೊಳೆಯ ಕಡೆ ಇಳಿತದಲ್ಲಿ ತೆರೆದುಕೊಳ್ಳುವ ಬಯಲು ಕೆಸರು ಖಾಲಿ ಬಿದ್ದಿದೆ ಅನ್ನಿಸಿತ್ತು. ಅಲ್ಲೇ ಇನ್ನೂರು ಕೋಡು ಊರಿದೆ. ಕಾಂಡ್ಲಾ ಬೀಜ ಮರದಲ್ಲಿದ್ದಾಗಲೇ ಮೊಳೆತು ನುಗ್ಗೆಕಾಯಿಯಂತೆ ಜೋತಾಡುತ್ತದಲ್ಲ, ಅದಕ್ಕೆ ನಮ್ಮನೆಯಲ್ಲಿ ಕೋಡು ಅನ್ನೋದು. ಮರುದಿನ ಬಳಚು (ಕೆಸರಲ್ಲಿ ಸಿಗುವ ಚಿಪ್ಪುಮೀನು) ಹೆಕ್ಕಲು ಬಂದ ನೆರೆಮನೆಯ ಅಕ್ಕ ಬುಟ್ಟಿ ಕೆಳಗಿಟ್ಟು ಕೇಳಿದಳು: ‘ತಮಾ, ಇಲ್ಲೆಲ್ಲ ಕಾಂಡ್ಲಾ ಹಚ್ಚಿದ್ರೆ ನಾವು ಬಳಚು ಎಲ್ಲಿ ಹೆಕ್ಕೂದು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕೆಸರು ಖಾಲಿ ಆಗಿರಲೇ ಇಲ್ಲ. ಬಳಚು ಇತ್ತು, ಅದರಿಂದ ನಡೆಯುವ ಎಷ್ಟೋ ಮನೆ ಇತ್ತು, ಚಳಿಗಾಲದಲ್ಲಿ ಅಲ್ಲೇ ಮೇಯಲು ಬರುವ ಹಕ್ಕಿಗಳೂ ಇದ್ದವು. ಖಾಲಿ ಜಾಗ ಕಂಡಲ್ಲೆಲ್ಲ ಗಿಡ ಹಚ್ಚುವುದೇ ಪರಿಸರ ಕೆಲಸ ಅಂದುಕೊಂಡಿದ್ದೆ ನಾನು.

ಜಗಳ ಆಗುವ ಮೊದಲೇ ಗಿಡಗಳೇ ತೀರ್ಪು ಕೊಟ್ಟವು. ಆ ಜಾಗ ದಿನದಲ್ಲಿ ತುಂಬಾ ಹೊತ್ತು ನೀರಿನಡಿ ಇರುತ್ತದೆ. ಕಾಂಡ್ಲಾ ಉಪ್ಪುನೀರಿನ ಗಿಡ ನಿಜ, ಆದರೆ ಬೇರಿಗೆ ಗಾಳಿ ಬೇಕು. ಎಲೆ ಬಿಡುವ ಮೊದಲೇ ಕೆಲವು ಕೊಳೆತವು. ಕೆಲವಕ್ಕೆ ಸಣ್ಣ ಚಿಪ್ಪು ಕಚ್ಚಿಕೊಂಡು ಭಾರವಾಗಿ ಬಾಗಿದವು. ಉಳಿದದ್ದನ್ನು ತೇಲಿಬಂದ ಪ್ಲಾಸ್ಟಿಕ್, ಹಳೇ ಬಲೆ ಎಳೆದುಕೊಂಡು ಹೋದವು. ದೀಪಾವಳಿಗೆ ಎಣಿಸಿದರೆ ಹನ್ನೊಂದು.

ಎರಡನೇ ವರ್ಷ ಸುಮ್ನೆ ನೋಡುವುದನ್ನು ಕಲಿತೆ. ತಾನಾಗಿ ಬಿದ್ದು ಬೇರು ಬಿಟ್ಟ ಸಸಿ ಎಲ್ಲಿವೆ? ಎಲ್ಲವೂ ಒಡ್ಡಿನ ಬುಡಕ್ಕೆ ಹತ್ತಿರ, ಭರತದ ನೀರು ಮುಟ್ಟಿ ಬೇಗ ಇಳಿಯುವ ಪಟ್ಟಿಯಲ್ಲಿ. ಹಾಗಾಗಿ ಅಲ್ಲಿ ಮಾತ್ರ ಹಚ್ಚಿದೆ. ಕೋಡು ಆರಿಸುವುದರಲ್ಲೂ ತಪ್ಪಿದ್ದೆ, ಎಳೆಯದನ್ನು ಕಿತ್ತಿದ್ದೆ. ಈಗ ಮಳೆಗಾಲದಲ್ಲಿ ಕೋಡಿನ ತಲೆಯಲ್ಲಿ ಹಳದಿ ಉಂಗುರ ಕಾಣುವವರೆಗೆ ಕಾಯುತ್ತೇನೆ. ಬಲಿತಿದ್ದರೆ ಸ್ವಲ್ಪ ತಿರುವಿದರೆ ಸಾಕು, ಕೈಗೆ ಬರುತ್ತದೆ. ಚೂಪು ತುದಿ ಕೆಳಗೆ, ಮೂರರಲ್ಲೊಂದು ಭಾಗ ಕೆಸರಿನಲ್ಲಿ. ಎರಡು ಕೋಡಿನ ನಡುವೆ ಮೂರು ಅಡಿ. ಇಳಿತದ ಹೊತ್ತು ನೋಡಿಯೇ ಇಳಿಯಬೇಕು, ಇಲ್ಲದಿದ್ದರೆ ಸೊಂಟದವರೆಗೆ ನೀರಲ್ಲಿ ನಿಂತು ಬೈಸಿಕೊಳ್ಳಬೇಕು. ಅದೂ ಆಗಿದೆ.

ಒಂದು ಕಡೆ ಹಚ್ಚಲೇ ಇಲ್ಲ. ದನ ಬರದಂತೆ ಬೇಲಿ ಹಾಕಿ ಬಿಟ್ಟೆ ಅಷ್ಟೆ. ಅಲ್ಲಿ ಬಂದಷ್ಟು ಗಿಡ ನಾನು ಹಚ್ಚಿದಲ್ಲಿ ಬರಲಿಲ್ಲ, ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಹವಾಮಾನ ಬದಲಾವಣೆ ಅಂದರೆ ಕಾಂಡ್ಲಾ ಹೆಸರು ಬರುವುದು ಅದರ ಕೆಸರಿನಿಂದಾಗಿ. ಆ ಕೆಸರಿನೊಳಗೆ ಗಾಳಿ ಇಲ್ಲ. ಬಿದ್ದ ಎಲೆ, ಸತ್ತ ಬೇರು ಬೇಗ ಕೊಳೆಯದೆ ಅಡಿಗೆ ಸೇರುತ್ತವೆ, ಅದರ ಇಂಗಾಲವೂ ಅಲ್ಲೇ ಉಳಿಯುತ್ತದೆ. ಅಗೆದು ಸಿಗಡಿ ಕೆರೆ ಮಾಡಿದರೆ ಅದರಲ್ಲಿ ಬಹಳಷ್ಟು ಮತ್ತೆ ಗಾಳಿಗೆ. ಹೀಗಾಗಿ ಹಳೇ ಕಾಂಡ್ಲಾ ಉಳಿಸುವುದೇ ನನ್ನ ಪ್ರಕಾರ ಮೊದಲ ಕೆಲಸ, ಹೊಸದು ಆಮೇಲೆ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದಾಗ ಊರಲ್ಲಿ ಖುಷಿ ಇತ್ತು. ನನಗೆ ಖುಷಿ ಆಗಿದ್ದು ಆ ಪಟ್ಟಿ ಬಯಲು ಕೆಸರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ ಅಂತ.

ಈಗ ಒಡ್ಡಿನ ಬುಡದ ಗಿಡ ನನ್ನೆತ್ತರ ದಾಟಿವೆ, ಕಾಲುಬೇರು ಬಿಟ್ಟಿವೆ. ಗಜನಿಗೆ ನೀರು ಬಿಡುವ ಬಾಗಿಲ ಹತ್ತಿರ ಮಾತ್ರ ಇನ್ನೂ ಮಣ್ಣು ಜಾರುತ್ತಿದೆ, ಅಲ್ಲಿ ನೀರಿನ ಸೆಳೆತ ಜಾಸ್ತಿ. ಅಕ್ಕ ಅದೇ ಬಯಲಲ್ಲಿ ಬಳಚು ಹೆಕ್ಕುತ್ತಾಳೆ. ಆ ಹನ್ನೊಂದರಲ್ಲಿ ಉಳಿದ ಎರಡು ಗಿಡಕ್ಕೆ ಬುಟ್ಟಿ ನೇತುಹಾಕುತ್ತಾಳೆ.